ಫ್ಲೂ ಜ್ವರದ ಸಂಚಾರ ಮತ್ತು ಶಾಲೆಯ ಹೊಣೆ

ಮುಂಗಾರು ನೆಲೆಗೊಂಡು, ಶಾಲೆಗಳು ಪುನಃ ತೆರೆದು ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಹಾಜರಿ ಪುಸ್ತಕದ ಪುಟಗಳಲ್ಲಿ ಒಂದು ವ್ಯತ್ಯಾಸ ಕಾಣತೊಡಗುತ್ತದೆ. ಮೊದಲು ಒಂದು ತರಗತಿಯಲ್ಲಿ ಇಬ್ಬರು ಮೂವರು ಗೈರುಹಾಜರು. ವಾರ ತಿರುಗುವುದರೊಳಗೆ ಅದೇ ತರಗತಿಯ ಹತ್ತು ಹನ್ನೆರಡು ಸ್ಥಾನಗಳು ತೆರವು. ಆ ಬಳಿಕ ಪಕ್ಕದ ತರಗತಿ, ಅನಂತರ ಅಧ್ಯಾಪಕರ ಕೊಠಡಿ. ಜ್ವರ, ಕೆಮ್ಮು, ಮೈಕೈ ನೋವು ಎಂಬ ಒಂದೇ ಒಕ್ಕಣೆಯ ರಜಾಪತ್ರಗಳು ಮುಖ್ಯೋಪಾಧ್ಯಾಯರ ಮೇಜಿನ ಮೇಲೆ ಕೂಡಿಬೀಳುತ್ತವೆ. ಹತ್ತು ಹದಿನೈದು ದಿನಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ ಮರಳಿ ಬರುತ್ತಾರೆ. ಪಾಠಪ್ರವಚನಗಳು ಎಂದಿನಂತೆ ಸಾಗುತ್ತವೆ. ಬಂದುದು ಏನು, ಅದು ಹೇಗೆ ಬಂತು, ಶಾಲೆಯಿಂದ ಹೊರಟು ಎಲ್ಲಿಗೆ ಹೋಯಿತು ಎಂಬುದನ್ನು ವಿಚಾರಿಸುವವರು ಮಾತ್ರ ವಿರಳ.

ಆದರೆ ಈ ಮೂರನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದುದು. ಹದಿಮೂರು ವರ್ಷದ ಬಾಲಕ ನಾಲ್ಕು ದಿನ ಮಲಗಿ ಎದ್ದು ಆಟದ ಬಯಲಿಗೆ ಓಡುತ್ತಾನೆ. ಅವನು ಮನೆಗೆ ಒಯ್ದ ಜ್ವರವಾದರೋ ಅಜ್ಜನ ಹಾಸಿಗೆಯ ಬಳಿಗೂ ತಂಗಿಯ ತೊಟ್ಟಿಲಿನ ಬಳಿಗೂ ಹೋಗಿ ನಿಂತಿರುತ್ತದೆ. ಅಲ್ಲಿ ಅದು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಆದಕಾರಣ ಈ ಜ್ವರದ ಸಂಚಾರವನ್ನು ಅರಿತು ಅದನ್ನು ತಡೆಯುವ ಕಾರ್ಯದಲ್ಲಿ ವೈದ್ಯರಿಗೆ ಎಷ್ಟು ಪಾಲಿದೆಯೋ ಶಾಲೆಗೂ ಅಷ್ಟೇ ಪಾಲಿದೆ.

ಹೆಸರಿನ ವಿಚಾರ

ಇಲ್ಲಿ ವಿವೇಚಿಸಲು ಹೊರಟಿರುವ ರೋಗಕ್ಕೆ ಇನ್‌ಫ್ಲುಯೆಂಜಾ ಎಂದು ಹೆಸರು. ಜನರ ನಾಲಗೆಯ ಮೇಲೆ ಅದು ಫ್ಲೂ ಎಂದು ಹ್ರಸ್ವವಾಗಿದೆ. ಮೂಲತಃ ಇದು ಇಟಲಿ ದೇಶದ ಮಾತು; ಪ್ರಭಾವ ಎಂದು ಅದರ ಅರ್ಥ. ಏಕಕಾಲದಲ್ಲಿ ಊರಿಗೆ ಊರೇ ಜ್ವರದಿಂದ ಮಲಗುವುದನ್ನು ಕಂಡ ಅಲ್ಲಿನ ಪ್ರಾಚೀನರು ಅದು ಗ್ರಹನಕ್ಷತ್ರಗಳ ಪ್ರಭಾವವಿರಬೇಕೆಂದು ಭಾವಿಸಿದರು. ಕಾರಣ ತಿಳಿದ ಮೇಲೆಯೂ ಹೆಸರು ಉಳಿದುಕೊಂಡಿತು.

ಕನ್ನಡದಲ್ಲಿ ಹೆಸರುಗಳ ಗೊಂದಲ ಬೇರೆ ಬಗೆಯದು. ವಿಷಮಶೀತಜ್ವರವೆಂದು ಪಠ್ಯಪುಸ್ತಕಗಳು ಕರೆಯುವುದು ಟೈಫಾಯಿಡ್ ರೋಗವನ್ನು. ಅದು ಅಶುದ್ಧವಾದ ನೀರು ಮತ್ತು ಆಹಾರಗಳ ಮೂಲಕ ಬರುವ ಬ್ಯಾಕ್ಟೀರಿಯಾ ಜನ್ಯ ವ್ಯಾಧಿ. ಚಳಿಜ್ವರವೆಂದರೆ ಸಾಮಾನ್ಯವಾಗಿ ಸೊಳ್ಳೆಯಿಂದ ಬರುವ ಮಲೇರಿಯಾ. ನೆಗಡಿ, ಶೀತ, ಥಂಡಿ ಎಂಬ ಮಾತುಗಳು ಮೂಗಿನಲ್ಲಿ ನೀರಿಳಿಯುವ ಲಘುವಾದ ಉಪದ್ರವವನ್ನು ಸೂಚಿಸುತ್ತವೆ. ಅದು ಬೇರೆ ಬೇರೆ ವೈರಾಣುಗಳಿಂದ ಬರುತ್ತದೆ. ಫ್ಲೂ ಇವುಗಳಲ್ಲಿ ಯಾವುದೂ ಅಲ್ಲ. ನೆಗಡಿ ಮೆಲ್ಲಮೆಲ್ಲನೆ ಬರುತ್ತದೆ. ಫ್ಲೂ ಥಟ್ಟನೆ ಎರಗುತ್ತದೆ. ಬೆಳಗ್ಗೆ ಸ್ವಸ್ಥನಾಗಿದ್ದವನು ಸಂಜೆಗೆ ಮೈ ಕಾದು, ತಲೆ ಸಿಡಿದು, ಕೀಲುಕೀಲುಗಳಲ್ಲಿ ನೋವು ತುಂಬಿ, ಒಣಕೆಮ್ಮಿನಿಂದ ಬಳಲಿ ಹಾಸಿಗೆ ಹಿಡಿಯುತ್ತಾನೆ. ಜ್ವರ ಮೂರು ನಾಲ್ಕು ದಿನಗಳಲ್ಲಿ ಇಳಿದರೂ ಕೆಮ್ಮು ಮತ್ತು ನಿಶ್ಶಕ್ತಿ ಎರಡು ವಾರಗಳವರೆಗೆ ಎಳೆದಾಡುವುದುಂಟು.

ಇತಿಹಾಸದ ಸಾಕ್ಷ್ಯ

ಇದು ಸಾಮಾನ್ಯ ಜ್ವರವೆಂಬ ಉಪೇಕ್ಷೆಗೆ ಇತಿಹಾಸದಲ್ಲಿ ಆಧಾರವಿಲ್ಲ. ೧೯೧೮ರಲ್ಲಿ ಮೊದಲನೆಯ ಮಹಾಯುದ್ಧ ಕೊನೆಗೊಳ್ಳುತ್ತಿದ್ದ ಕಾಲಕ್ಕೆ ಇದೇ ಜಾತಿಯ ವೈರಾಣುವಿನಿಂದ ಹುಟ್ಟಿದ ಮಹಾಮಾರಿ ಭೂಮಂಡಲವನ್ನೆಲ್ಲ ಸುತ್ತಿತು. ಭಾರತಕ್ಕೆ ಅದು ಆ ವರ್ಷದ ಜೂನ್ ತಿಂಗಳಿನಲ್ಲಿ ಮುಂಬಯಿ ಬಂದರಿನ ಮೂಲಕ ಪ್ರವೇಶಿಸಿತು. ಮೊದಲ ಅಲೆ ಸೌಮ್ಯವಾಗಿದ್ದಿತು. ಸೆಪ್ಟೆಂಬರ್ ತಿಂಗಳಿನಿಂದ ಎದ್ದ ಎರಡನೆಯ ಅಲೆ ಘೋರವಾಗಿ ಪರಿಣಮಿಸಿತು. ರೈಲು ಮಾರ್ಗಗಳನ್ನು ಹಿಡಿದು ಅದು ಒಳನಾಡಿನ ಹಳ್ಳಿಗಳನ್ನು ತಲಪಿತು. ಆ ವರ್ಷ ಮಳೆ ಕೈಕೊಟ್ಟು ಧಾನ್ಯದ ಬೆಲೆ ಏರಿದ್ದುದರಿಂದ ಜನ ಮೊದಲೇ ಕೃಶರಾಗಿದ್ದರು. ಭಾರತವೊಂದರಲ್ಲಿಯೇ ಒಂದು ಕೋಟಿಗೂ ಹೆಚ್ಚು ಜನ ಮಡಿದರೆಂಬುದು ವಿದ್ವಾಂಸರ ಅಂದಾಜು. ಇಪ್ಪತ್ತನೆಯ ಶತಮಾನದಲ್ಲಿ ದೇಶದ ಜನಸಂಖ್ಯೆ ಏರುವುದಕ್ಕೆ ಬದಲಾಗಿ ಇಳಿದ ಏಕೈಕ ದಶಕವೆಂದರೆ ೧೯೧೧ರಿಂದ ೧೯೨೧ರವರೆಗಿನದು. ಅದಕ್ಕೆ ಈ ಜ್ವರವೇ ಪ್ರಧಾನ ಕಾರಣ. ಹೆಚ್ಚು ಹಾನಿಗೊಳಗಾದ ಪ್ರಾಂತಗಳಲ್ಲಿ ಮುಂಬಯಿ ಪ್ರಾಂತವೂ ಒಂದು. ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳು ಅಂದು ಆ ಪ್ರಾಂತಕ್ಕೇ ಸೇರಿದ್ದವು. ಸತ್ತವರಲ್ಲಿ ಇಪ್ಪತ್ತರಿಂದ ನಲವತ್ತು ವಯಸ್ಸಿನ ದುಡಿಯುವ ಸ್ತ್ರೀಪುರುಷರು ಅಧಿಕವಾಗಿದ್ದುದು ಆ ಮಾರಿಯ ವಿಶೇಷ.

ಆ ಬಳಿಕ ೧೯೫೭ರಲ್ಲಿ ಏಷ್ಯಾದ ಫ್ಲೂ ಎಂಬುದು, ೧೯೬೮ರಲ್ಲಿ ಹಾಂಗ್‌ಕಾಂಗ್ ಫ್ಲೂ ಎಂಬುದು ಲೋಕಸಂಚಾರ ಮಾಡಿದವು. ೨೦೦೯ರಲ್ಲಿ ಹಂದಿಜ್ವರವೆಂದು ಪತ್ರಿಕೆಗಳು ಕರೆದ ಎಚ್೧ಎನ್೧ ಎಂಬ ಹೊಸ ತಳಿ ಕೆಲವೇ ತಿಂಗಳುಗಳಲ್ಲಿ ಎಲ್ಲ ಖಂಡಗಳನ್ನೂ ಮುಟ್ಟಿತು. ಭಾರತದಲ್ಲಿ ಅದಕ್ಕೆ ಬಲಿಯಾದ ಮೊದಲ ಜೀವ ಪುಣೆಯ ಒಬ್ಬ ಶಾಲಾ ಬಾಲಿಕೆಯದು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ ಆ ನಗರದ ಶಾಲೆಗಳು ಬಾಗಿಲು ಮುಚ್ಚಬೇಕಾಯಿತು. ೨೦೨೩ರ ಮಾರ್ಚ್ ತಿಂಗಳಿನಲ್ಲಿ ಎಚ್೩ಎನ್೨ ಎಂಬ ತಳಿ ದೇಶದಲ್ಲಿ ಪ್ರಬಲವಾದಾಗ ಹಾಸನ ಜಿಲ್ಲೆಯ ಒಬ್ಬ ವೃದ್ಧರು ತೀರಿಕೊಂಡುದು ನಾಡಿಗೆಲ್ಲ ಸುದ್ದಿಯಾಯಿತು. ಮಹಾಮಾರಿಯ ವರ್ಷಗಳನ್ನು ಬಿಟ್ಟರೂ, ಋತುವಿಗೆ ತಕ್ಕಂತೆ ವರ್ಷವರ್ಷವೂ ಬರುವ ಫ್ಲೂ ಜ್ವರದಿಂದ ಉಂಟಾಗುವ ಶ್ವಾಸಾಂಗದ ತೊಂದರೆಗಳಿಂದಲೇ ಜಗತ್ತಿನಲ್ಲಿ ೨,೯೦,೦೦೦ದಿಂದ ೬,೫೦,೦೦೦ದವರೆಗೆ ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ.

ವೈರಾಣುವಿನ ಸ್ವರೂಪ

ಈ ರೋಗದ ಕಾರಣವನ್ನು ಕಂಡುಹಿಡಿಯಲು ವಿಜ್ಞಾನಿಗಳು ಬಹುಕಾಲ ಶ್ರಮಿಸಿದರು. ೧೮೯೨ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಎಂಬ ವಿಜ್ಞಾನಿ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಕಂಡು ಅದೇ ಕಾರಣವೆಂದು ನಿರ್ಣಯಿಸಿದ. ಆ ನಿರ್ಣಯ ತಪ್ಪೆಂದು ತಿಳಿಯಲು ನಾಲ್ಕು ದಶಕಗಳೇ ಹಿಡಿದವು. ೧೯೩೩ರಲ್ಲಿ ಇಂಗ್ಲೆಂಡಿನ ವಿಲ್ಸನ್ ಸ್ಮಿತ್, ಕ್ರಿಸ್ಟೋಫರ್ ಆಂಡ್ರ್ಯೂಸ್, ಪ್ಯಾಟ್ರಿಕ್ ಲೇಡ್ಲಾ ಎಂಬ ಮೂವರು, ರೋಗಿಯ ಗಂಟಲಿನಿಂದ ತೆಗೆದ ದ್ರವವನ್ನು ಬ್ಯಾಕ್ಟೀರಿಯಾಗಳು ದಾಟಲಾರದ ಸೂಕ್ಷ್ಮ ಶೋಧಕದಲ್ಲಿ ಸೋಸಿ, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿಯ ಮೂಗಿನಲ್ಲಿ ಬಿಟ್ಟರು. ಪ್ರಾಣಿಗೆ ಜ್ವರ ಬಂತು. ಸೋಸಿದ ದ್ರವದಲ್ಲಿಯೂ ಉಳಿದುಬಂದ ಆ ಸೂಕ್ಷ್ಮ ವಸ್ತುವೇ ಇನ್‌ಫ್ಲುಯೆಂಜಾ ವೈರಾಣು. ಮುಂದೆ ಇಂಥ ಒಂದು ಫೆರೆಟ್ಟು ಸಂಶೋಧಕರೊಬ್ಬರ ಮುಖದ ಮೇಲೆ ಸೀನಿ, ಅವರಿಗೂ ಜ್ವರ ತಗಲಿದುದು ೧೯೩೬ರಲ್ಲಿ ವರದಿಯಾಯಿತು. ರೋಗ ಹೇಗೆ ಹರಡುವುದೆಂಬ ಪ್ರಶ್ನೆಗೆ ಪ್ರಾಣಿಯೇ ಉತ್ತರ ಕೊಟ್ಟಂತಾಯಿತು.

ವೈರಾಣುವಿನ ಗಾತ್ರ ಅತ್ಯಲ್ಪ. ಹತ್ತು ಸಾವಿರ ಕಣಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆದೀತು. ಅದಕ್ಕೆ ಸ್ವಂತ ಜೀವನವಿಲ್ಲ. ಮೂಗು, ಗಂಟಲು, ಶ್ವಾಸನಾಳಗಳ ಒಳಪದರದ ಜೀವಕೋಶಗಳನ್ನು ಹೊಕ್ಕು, ಅವುಗಳ ಸಾಮಗ್ರಿಯನ್ನೇ ಬಳಸಿಕೊಂಡು ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಅದರ ಹೊರಮೈ ಕೊಬ್ಬಿನ ತೆಳುವಾದ ಕವಚ. ಕವಚದ ಮೇಲೆ ಎರಡು ಬಗೆಯ ಮುಳ್ಳುಗಳಿವೆ. ಒಂದು ಜೀವಕೋಶಕ್ಕೆ ಅಂಟಿಕೊಂಡು ಒಳಹೊಗಲು. ಇನ್ನೊಂದು ಹೊಸ ಕಣಗಳು ಬಿಡಿಸಿಕೊಂಡು ಹೊರಬರಲು. ಮೊದಲನೆಯದಕ್ಕೆ ಎಚ್ ಎಂದೂ ಎರಡನೆಯದಕ್ಕೆ ಎನ್ ಎಂದೂ ಸಂಕೇತ. ಎಚ್೧ಎನ್೧, ಎಚ್೩ಎನ್೨ ಎಂಬ ಹೆಸರುಗಳ ಮರ್ಮ ಇಷ್ಟೇ.

ಒಮ್ಮೆ ಜ್ವರ ಬಂದರೆ ದೇಹದ ರಕ್ಷಣಾಶಕ್ತಿ ಈ ಮುಳ್ಳುಗಳ ಆಕಾರವನ್ನು ನೆನಪಿಟ್ಟುಕೊಳ್ಳುತ್ತದೆ. ಆದರೆ ವೈರಾಣು ತನ್ನ ಪ್ರತಿ ಮಾಡುವಾಗ, ಅಜಾಗರೂಕನಾದ ಲಿಪಿಕಾರನು ಓಲೆಗರಿಯನ್ನು ನಕಲು ಮಾಡುವಂತೆ, ಅಲ್ಲಲ್ಲಿ ತಪ್ಪುಮಾಡುತ್ತದೆ. ಪ್ರತಿಯಿಂದ ಪ್ರತಿಗೆ ತಪ್ಪುಗಳು ಕೂಡಿ ಪಾಠಾಂತರವಾಗುತ್ತದೆ. ಮುಳ್ಳುಗಳ ಆಕಾರ ಕೊಂಚಕೊಂಚವಾಗಿ ಬದಲಾಗುತ್ತದೆ. ಹೋದ ವರ್ಷದ ವೈರಿಯನ್ನು ಬಲ್ಲ ದೇಹ ಈ ವರ್ಷದ ವೇಷವನ್ನು ಪೂರ್ಣವಾಗಿ ಗುರುತಿಸಲಾರದು. ದಡಾರ ಒಮ್ಮೆ ಬಂದುಹೋದರೆ ಸಾಮಾನ್ಯವಾಗಿ ಮತ್ತೆ ಬಾರದು, ಫ್ಲೂ ಮಾತ್ರ ಮತ್ತೆ ಮತ್ತೆ ಬರುವುದು ಈ ಕಾರಣದಿಂದ.

ಹರಡುವ ಬಗೆ

ರೋಗಿಯ ಮೂಗು ಗಂಟಲುಗಳಲ್ಲಿ ತುಂಬಿರುವ ವೈರಾಣು ಮೂರು ದಾರಿಗಳಿಂದ ಇನ್ನೊಬ್ಬರನ್ನು ಸೇರುತ್ತದೆ.

ಮೊದಲನೆಯದು ತುಂತುರಿನ ದಾರಿ. ಕೆಮ್ಮಿದಾಗ, ಸೀನಿದಾಗ ಸಿಡಿಯುವ ಹನಿಗಳು ಒಂದೆರಡು ಮೀಟರ್ ದೂರದೊಳಗಿನವರ ಮುಖಕ್ಕೆ ನೇರವಾಗಿ ತಗಲುತ್ತವೆ. ಒಂದೇ ಮಣೆಯ ಮೇಲೆ ಭುಜಕ್ಕೆ ಭುಜ ತಾಗಿಸಿ ಕುಳಿತ ಮಕ್ಕಳಿಗೆ ಈ ದೂರವೂ ಇರುವುದಿಲ್ಲ. ಎರಡನೆಯದು ಗಾಳಿಯ ದಾರಿ. ಉಸಿರಾಟ ಮತ್ತು ಮಾತಿನಿಂದಲೂ ಹೊರಬೀಳುವ ಅತಿ ಸೂಕ್ಷ್ಮ ಕಣಗಳು ನೆಲಕ್ಕೆ ಬೀಳದೆ, ಧೂಪದ ಹೊಗೆಯಂತೆ ಮುಚ್ಚಿದ ಕೊಠಡಿಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಮೂರನೆಯದು ಕೈಯ ದಾರಿ. ಉಕ್ಕು, ಪ್ಲಾಸ್ಟಿಕ್ ಮೊದಲಾದ ನುಣುಪಾದ ಗಟ್ಟಿ ಮೇಲ್ಮೈಗಳಲ್ಲಿ ಈ ವೈರಾಣು ೨೪ರಿಂದ ೪೮ ಗಂಟೆಗಳವರೆಗೂ, ಬಟ್ಟೆ ಮತ್ತು ಕಾಗದಗಳ ಮೇಲೆ ೮ರಿಂದ ೧೨ ಗಂಟೆಗಳವರೆಗೂ ಉಳಿಯಬಲ್ಲದೆಂದು ೧೯೮೨ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ನೀರಿನ ಲೋಟ, ಬಾಗಿಲ ಚಿಲಕ, ನಲ್ಲಿಯ ತಿರುಪುಗಳನ್ನು ಮುಟ್ಟಿದ ಕೈ ಅರಿವಿಲ್ಲದೆ ಮೂಗು ಕಣ್ಣುಗಳನ್ನು ಮುಟ್ಟುತ್ತದೆ, ದಾರಿ ಪೂರ್ಣವಾಗುತ್ತದೆ.

ಈ ಮೂರರಲ್ಲಿ ಗಾಳಿಯ ದಾರಿಯ ಬಲವನ್ನು ತೋರಿಸುವ ಒಂದು ಪ್ರಸಂಗ ವೈದ್ಯಗ್ರಂಥಗಳಲ್ಲಿ ಪ್ರಸಿದ್ಧವಾಗಿದೆ. ೧೯೭೭ರಲ್ಲಿ ಅಮೆರಿಕದ ಅಲಾಸ್ಕಾ ಪ್ರಾಂತದಲ್ಲಿ ೫೪ ಜನರಿದ್ದ ಒಂದು ವಿಮಾನ ಯಂತ್ರದೋಷದಿಂದಾಗಿ ಮೂರು ಗಂಟೆಗಳ ಕಾಲ ನೆಲದ ಮೇಲೆಯೇ ನಿಲ್ಲಬೇಕಾಯಿತು. ಬಹುತೇಕ ಪ್ರಯಾಣಿಕರು ಒಳಗೇ ಕುಳಿತಿದ್ದರು. ಗಾಳಿಯಾಡಿಸುವ ಯಂತ್ರ ನಿಂತಿತ್ತು. ಪ್ರಯಾಣಿಕರಲ್ಲಿ ಒಬ್ಬರಿಗೆ ಫ್ಲೂ ಜ್ವರವಿತ್ತು. ೭೨ ಗಂಟೆಗಳೊಳಗಾಗಿ ಪ್ರಯಾಣಿಕರಲ್ಲಿ ಶೇಕಡ ೭೨ ಮಂದಿ ಕೆಮ್ಮು ಜ್ವರಗಳಿಂದ ಹಾಸಿಗೆ ಹಿಡಿದರು. ಸಾಮಾನ್ಯವಾಗಿ ಒಬ್ಬ ಫ್ಲೂ ರೋಗಿಯಿಂದ ಸರಾಸರಿ ಒಬ್ಬಿಬ್ಬರಿಗೆ ಮಾತ್ರ ರೋಗ ತಗಲುತ್ತದೆ. ಕಿಟಕಿ ಮುಚ್ಚಿದ ತುಂಬಿದ ಕೋಣೆ ಆ ಲೆಕ್ಕವನ್ನು ಹೇಗೆ ತಲೆಕೆಳಗು ಮಾಡೀತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನು ಕಾಲದ ವಿಚಾರ. ವೈರಾಣು ದೇಹವನ್ನು ಹೊಕ್ಕ ಬಳಿಕ ಒಂದರಿಂದ ನಾಲ್ಕು ದಿನಗಳಲ್ಲಿ, ಸಾಮಾನ್ಯವಾಗಿ ಎರಡನೆಯ ದಿನ, ಲಕ್ಷಣಗಳು ಮೂಡುತ್ತವೆ. ಆದರೆ ಲಕ್ಷಣ ಕಾಣುವುದಕ್ಕೆ ಒಂದು ದಿನ ಮೊದಲೇ ಆತನಿಂದ ರೋಗ ಹರಡಲು ಆರಂಭವಾಗಿರುತ್ತದೆ. ಜ್ವರ ಬಂದ ಮೊದಲ ಮೂರು ನಾಲ್ಕು ದಿನ ಅಪಾಯ ಅತ್ಯಧಿಕ. ಐದರಿಂದ ಏಳು ದಿನಗಳವರೆಗೆ ಅದು ಕ್ರಮವಾಗಿ ಇಳಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಇನ್ನೂ ಕೆಲವು ದಿನ ಹೆಚ್ಚು. ಮೊದಲನೆಯ ಆ ಒಂದು ದಿನವನ್ನು ಯಾರೂ ತಡೆಯಲಾರರು. ಉಳಿದ ದಿನಗಳನ್ನು ತಡೆಯುವುದು ಮನುಷ್ಯನ ಕೈಯಲ್ಲಿದೆ.

ಸಾಂಕ್ರಾಮಿಕತೆಯ ಅರಿವು ಈ ದೇಶಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಮೈಸೋಂಕು, ಉಸಿರು, ಸಹಭೋಜನ, ಒಂದೇ ಹಾಸಿಗೆಯ ಬಳಕೆ, ಅನ್ಯರ ಉಡುಪು ಮೊದಲಾದವುಗಳಿಂದ ಕೆಲವು ರೋಗಗಳು ಒಬ್ಬರಿಂದೊಬ್ಬರಿಗೆ ದಾಟುತ್ತವೆಂದು ಹೇಳಿ, ಅವುಗಳ ಪಟ್ಟಿಯಲ್ಲಿ ಜ್ವರವನ್ನೂ ಸೇರಿಸಲಾಗಿದೆ. ಆ ಆಚಾರ್ಯರಿಗೆ ವೈರಾಣುವಿನ ಪರಿಚಯವಿತ್ತೆಂದು ಇದರಿಂದ ಸಾಧಿಸಲು ಹೊರಡುವುದು ಸಲ್ಲದು. ರೋಗ ಸಾಗುವ ದಾರಿಯನ್ನು ಅವರು ಕಣ್ಣಿಟ್ಟು ನೋಡಿದ್ದರೆಂಬಷ್ಟನ್ನು ಗೌರವದಿಂದ ನೆನೆಯಬಹುದು.

ಮಳೆಗಾಲದ ಸಂಬಂಧ

ಮಳೆಯಲ್ಲಿ ನೆನೆದರೆ, ತಣ್ಣೀರು ಕುಡಿದರೆ ಜ್ವರ ಬರುತ್ತದೆಂಬ ನಂಬಿಕೆ ದೃಢವಾಗಿ ಬೇರೂರಿದೆ. ವೈರಾಣುವಿನ ಸಂಪರ್ಕವಿಲ್ಲದೆ ಮಳೆಯಾಗಲಿ ಚಳಿಯಾಗಲಿ ಫ್ಲೂ ಜ್ವರವನ್ನು ಹುಟ್ಟಿಸಲಾರದು. ಆದರೂ ಋತುವಿಗೂ ರೋಗಕ್ಕೂ ಸಂಬಂಧವುಂಟು. ಶೀತದೇಶಗಳಲ್ಲಿ ಫ್ಲೂ ಚಳಿಗಾಲದ ರೋಗ. ಭಾರತದಲ್ಲಿ ಅದು ವರ್ಷಕ್ಕೆ ಎರಡು ಸಲ ತಲೆಯೆತ್ತುವುದು ಕಂಡುಬಂದಿದೆ. ಜನವರಿಯಿಂದ ಮಾರ್ಚಿಯವರೆಗೆ ಒಮ್ಮೆ, ಮಳೆಗಾಲ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ. ಜಡಿಮಳೆಯ ದಿನಗಳಲ್ಲಿ ಇರಚಲು ಬಡಿಯದಂತೆ ಕಿಟಕಿಗಳನ್ನು ಮುಚ್ಚಿ, ಆಟದ ಬಯಲನ್ನು ಬಿಟ್ಟು, ಎಲ್ಲರೂ ಒಂದೇ ಸೂರಿನಡಿ ಗುಂಪುಗೂಡುವುದು ಇದಕ್ಕೆ ಒಂದು ಕಾರಣ. ದೋಷ ಮಳೆಯದಲ್ಲ, ಮುಚ್ಚಿದ ಕಿಟಕಿಯದು.

ಶಾಲೆ ಎಂಬ ಕೂಡುದಾರಿ

ಒಂದು ಊರಿನ ನೂರು ಮನೆಗಳ ಜನ ದಿನಕ್ಕೊಮ್ಮೆ ಒಂದೆಡೆ ಸೇರಿ, ಆರೇಳು ಗಂಟೆ ಒಟ್ಟಿಗಿದ್ದು, ಸಂಜೆ ನೂರು ಮನೆಗಳಿಗೂ ಮರಳುವ ಸ್ಥಳ ಶಾಲೆಯೊಂದೇ. ವಿದ್ಯೆ ಹೇಗೆ ಈ ದಾರಿಯಲ್ಲಿ ಮನೆಮನೆಯನ್ನು ಸೇರುತ್ತದೆಯೋ ಜ್ವರವೂ ಹಾಗೆಯೇ ಸೇರುತ್ತದೆ. ಮಕ್ಕಳಿಗೆ ಹಳೆಯ ಸೋಂಕುಗಳ ಅನುಭವ ಕಡಿಮೆಯಾದುದರಿಂದ ರೋಗ ಬೇಗ ತಗಲುತ್ತದೆ. ಅವರಿಂದ ಹೆಚ್ಚು ದಿನ ಹರಡುತ್ತದೆ.

ಇದು ಕೇವಲ ತರ್ಕವಲ್ಲ. ೧೯೬೮ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಟೆಕಮ್ಸೆ ಎಂಬ ಊರಿನಲ್ಲಿ ಶಾಲಾಮಕ್ಕಳಲ್ಲಿ ಶೇಕಡ ಎಂಬತ್ತಕ್ಕೂ ಹೆಚ್ಚು ಮಂದಿಗೆ ಫ್ಲೂ ಲಸಿಕೆ ಹಾಕಲಾಯಿತು; ನೆರೆಯ ಏಡ್ರಿಯನ್ ಎಂಬ ಊರಿನಲ್ಲಿ ಹಾಕಲಿಲ್ಲ. ಆ ಋತುವಿನಲ್ಲಿ ಏಡ್ರಿಯನ್ ಊರಿನ ಶ್ವಾಸಾಂಗ ರೋಗಗಳ ಪ್ರಮಾಣ ಟೆಕಮ್ಸೆಗಿಂತ ಸುಮಾರು ಮೂರು ಪಟ್ಟು ಇದ್ದಿತು. ಲಸಿಕೆ ಹಾಕಿಸಿಕೊಳ್ಳದ ದೊಡ್ಡವರೂ ಮಕ್ಕಳ ಮೂಲಕ ರಕ್ಷಿತರಾದರು. ಜಪಾನಿನಲ್ಲಿ ೧೯೬೨ರಿಂದ ಶಾಲಾಮಕ್ಕಳಿಗೆ ಲಸಿಕೆ ಹಾಕುವ ಕಾರ್ಯಕ್ರಮ ನಡೆದು, ೧೯೮೭ರ ಬಳಿಕ ಸಡಿಲಗೊಂಡು, ೧೯೯೪ರಲ್ಲಿ ನಿಂತುಹೋಯಿತು. ಕಾರ್ಯಕ್ರಮ ನಡೆಯುತ್ತಿದ್ದಷ್ಟು ಕಾಲ ಚಳಿಗಾಲದಲ್ಲಿ ಸಾಯುವ ವೃದ್ಧರ ಸಂಖ್ಯೆ ಇಳಿದಿದ್ದಿತೆಂದೂ, ಅದು ನಿಂತ ಮೇಲೆ ಮತ್ತೆ ಏರಿತೆಂದೂ ೨೦೦೧ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಮೊಮ್ಮಕ್ಕಳ ಶಾಲೆಯಲ್ಲಿ ಮಾಡಿದ ಕಾರ್ಯ ಅಜ್ಜ ಅಜ್ಜಿಯರ ಆಯುಷ್ಯವನ್ನು ಕಾಯಿತೆಂಬುದು ಆ ಅಧ್ಯಯನದ ಸಾರ.

ನಿವಾರಣೋಪಾಯಗಳು

ನಿವಾರಣೆಯ ಮಾರ್ಗಗಳು ಹರಡುವ ಮಾರ್ಗಗಳಿಗೆ ಎದುರುಬದುರಾಗಿ ನಿಲ್ಲುತ್ತವೆ.

ಗಾಳಿ: ತರಗತಿಯ ಎದುರುಬದುರು ಗೋಡೆಗಳ ಕಿಟಕಿಗಳು ತೆರೆದಿರಬೇಕು. ಇರಚಲು ಹೊಡೆಯುವ ದಿಕ್ಕಿನ ಕಿಟಕಿಯನ್ನು ಮುಚ್ಚಿದರೂ ಎದುರಿನದನ್ನು ಮುಚ್ಚದಿರುವುದು, ಕಿಟಕಿಗಳಿಗೆ ಸಜ್ಜೆಗಳನ್ನು ಹಾಕಿಸುವುದು, ಪ್ರತಿ ಅವಧಿ ಮುಗಿದಾಗ ಐದು ನಿಮಿಷ ಬಾಗಿಲುಗಳನ್ನೆಲ್ಲ ತೆರೆದಿಡುವುದು ಖರ್ಚಿಲ್ಲದ ಅಥವಾ ಅಲ್ಪ ಖರ್ಚಿನ ಉಪಾಯಗಳು. ವಿದ್ಯಾರ್ಥಿನಿಲಯಗಳಲ್ಲಿ ಹಾಸಿಗೆಗಳ ನಡುವೆ ಅಂತರವಿಟ್ಟು, ಒಬ್ಬನ ತಲೆಯ ಕಡೆ ಮುಂದಿನವನ ಕಾಲು ಬರುವಂತೆ ಮಲಗಿಸಿದರೆ ಒಬ್ಬನ ಉಸಿರು ಇನ್ನೊಬ್ಬನ ಮುಖಕ್ಕೆ ತಾಗುವುದು ತಪ್ಪುತ್ತದೆ.

ಕೈ: ವೈರಾಣುವಿನ ಕವಚ ಕೊಬ್ಬಿನದೆಂದು ಮೇಲೆ ಹೇಳಿದೆ. ಜಿಡ್ಡಿನ ಪಾತ್ರೆಯನ್ನು ಸಾಬೂನು ಹೇಗೆ ಬಿಡಿಸುವುದೋ ಹಾಗೆಯೇ ಈ ಕವಚವನ್ನೂ ಒಡೆಯುತ್ತದೆ. ಕವಚ ಒಡೆದ ವೈರಾಣು ನಿಷ್ಕ್ರಿಯ. ಬರಿಯ ನೀರಿನಲ್ಲಿ ಕೈ ಅದ್ದಿದರೆ ಸಾಲದು. ಇಪ್ಪತ್ತು ಸೆಕೆಂಡುಗಳ ಕಾಲ ಬೆರಳ ಸಂದುಗಳವರೆಗೂ ಉಜ್ಜಬೇಕು. ಊಟದ ಸಾಲಿಗೆ ಕೂರುವ ಮುನ್ನ ಪ್ರತಿಯೊಬ್ಬ ವಿದ್ಯಾರ್ಥಿಗೂ ನಲ್ಲಿಯೂ ಸಾಬೂನೂ ದೊರೆಯಬೇಕು. ಕುಡಿಯುವ ನೀರಿಗೆ ಒಂದೇ ಲೋಟವನ್ನು ನೂರು ಬಾಯಿಗಳು ಬಳಸುವ ಪದ್ಧತಿ ನಿಲ್ಲಬೇಕು.

ಕೆಮ್ಮಿನ ಶಿಷ್ಟಾಚಾರ: ಗುರುಹಿರಿಯರೊಡನೆ ಮಾತನಾಡುವಾಗ ಬಾಯಿಗೆ ಕೈ ಅಡ್ಡ ಹಿಡಿಯುವುದು ಹಿಂದಿನವರ ವಿನಯ. ಆ ವಿನಯದಲ್ಲಿ ಆರೋಗ್ಯದ ತತ್ತ್ವವೂ ಅಡಗಿದೆ. ಸಣ್ಣ ತಿದ್ದುಪಡಿ ಮಾತ್ರ ಅವಶ್ಯ. ಅಂಗೈಯಲ್ಲಿ ಕೆಮ್ಮಿದರೆ ರೋಗ ಅಂಗೈಗೆ ಬಂದು, ಅಲ್ಲಿಂದ ಎಲ್ಲೆಡೆಗೆ ಹೋಗುತ್ತದೆ. ಕರವಸ್ತ್ರದಲ್ಲಿ, ಅದಿಲ್ಲದಿದ್ದರೆ ಮಡಿಸಿದ ಮೊಣಕೈಯೊಳಗೆ ಕೆಮ್ಮುವುದು, ಸೀನುವುದು ಸರಿಯಾದ ಕ್ರಮ. ಕೆಮ್ಮು ಇರುವವರೂ ಅವರನ್ನು ಉಪಚರಿಸುವವರೂ ಮುಖಗವಸು ಧರಿಸುವುದು ಒಳ್ಳೆಯದು. ಕೋವಿಡ್ ಮಹಾಮಾರಿಯ ಕಾರಣದಿಂದ ೨೦೨೦ ಮತ್ತು ೨೦೨೧ರಲ್ಲಿ ಜಗತ್ತು ಮುಖಗವಸು ಧರಿಸಿ, ದೂರ ನಿಂತು, ಶಾಲೆಗಳನ್ನು ಮುಚ್ಚಿದಾಗ ಫ್ಲೂ ಜ್ವರ ಅನೇಕ ದೇಶಗಳಲ್ಲಿ ಕಾಣದಂತಾಯಿತು. ಅಷ್ಟು ಕಠಿಣ ಕ್ರಮಗಳು ಪ್ರತಿವರ್ಷ ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ; ಆದರೆ ಫ್ಲೂ ಅನಿವಾರ್ಯವಾದ ಋತುಧರ್ಮವೆಂಬ ಭಾವನೆ ಅಂದಿಗೆ ಸುಳ್ಳಾಯಿತು.

ಲಸಿಕೆ: ವೈರಾಣುವಿನ ವೇಷ ಬದಲಾಗುವುದರಿಂದ ಲಸಿಕೆಯೂ ಬದಲಾಗಬೇಕು. ೧೯೫೨ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಾನಾ ದೇಶಗಳ ಪ್ರಯೋಗಶಾಲೆಗಳು ಸಂಚಾರದಲ್ಲಿರುವ ತಳಿಗಳ ಮೇಲೆ ಕಣ್ಣಿಟ್ಟಿವೆ. ಭಾರತದಲ್ಲಿ ಈ ಕಾರ್ಯ ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಲ್ಲಿ ನಡೆಯುತ್ತದೆ. ವರ್ಷಕ್ಕೆರಡು ಬಾರಿ, ಫೆಬ್ರವರಿ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಮುಂದಿನ ಋತುವಿನ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ನಿರ್ಧರಿಸಲಾಗುತ್ತದೆ. ತಳಿಗಳು ಚೆನ್ನಾಗಿ ಹೊಂದಿಕೊಂಡ ವರ್ಷಗಳಲ್ಲಿ ಲಸಿಕೆಯಿಂದ ರೋಗದ ಸಂಭವ ಶೇಕಡ ೪೦ರಿಂದ ೬೦ರಷ್ಟು ಕುಗ್ಗುತ್ತದೆ. ಲಸಿಕೆ ಪಡೆದೂ ರೋಗ ಬಂದವರಲ್ಲಿ ಅದರ ಉಗ್ರತೆ ತಗ್ಗುತ್ತದೆ. ಆರು ತಿಂಗಳು ತುಂಬಿದ ಶಿಶುವಿನಿಂದ ಮೊದಲ್ಗೊಂಡು ಎಲ್ಲರೂ ಇದನ್ನು ಪಡೆಯಬಹುದು. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯೋವೃದ್ಧರು, ಮಧುಮೇಹ, ಆಸ್ತಮಾ, ಹೃದ್ರೋಗಗಳುಳ್ಳವರು ಮೊದಲು ಪಡೆಯಬೇಕಾದವರು. ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇದು ಸೇರಿಲ್ಲವಾದುದರಿಂದ ಬಡವರಿಗೆ ಇದರ ವೆಚ್ಚ ಭಾರವಾಗುವುದುಂಟು. ಮಳೆಗಾಲಕ್ಕೆ ಮುಂಚೆಯೇ ವೈದ್ಯರ ಸಲಹೆ ಪಡೆದು ಪ್ರತಿವರ್ಷ ಹಾಕಿಸಿಕೊಳ್ಳುವುದು ಕ್ರಮ.

ಉಪಚಾರ ಮತ್ತು ಅಪಾಯದ ಸೂಚನೆಗಳು

ಬಂದ ಜ್ವರಕ್ಕೆ ವಿಶ್ರಾಂತಿ, ಸಾಕಷ್ಟು ನೀರು ಗಂಜಿ, ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಇವು ಬಹುತೇಕರಿಗೆ ಸಾಕು. ಶುಂಠಿ ಮೆಣಸುಗಳ ಕಷಾಯ ಗಂಟಲಿಗೆ ಹಿತವಾದೀತು. ವೈರಾಣುವನ್ನು ಅದು ಕೊಲ್ಲುತ್ತದೆಂದು ನಂಬಿ ವೈದ್ಯರನ್ನು ದೂರವಿಡಬಾರದು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಆಂಟಿಬಯಾಟಿಕ್ ಮಾತ್ರೆಗಳಿಗೆ ವೈರಾಣುವಿನ ಮೇಲೆ ಯಾವ ಶಕ್ತಿಯೂ ಇಲ್ಲ. ಅಂಗಡಿಯಿಂದ ಕೇಳಿ ತಂದು ನುಂಗುವುದರಿಂದ ಹಾನಿಯೇ ಹೆಚ್ಚು. ಮಕ್ಕಳಿಗೆ ಫ್ಲೂ ಜ್ವರದಲ್ಲಿ ಆಸ್ಪಿರಿನ್ ಕೊಡಲೇಬಾರದು. ಮಿದುಳು ಯಕೃತ್ತುಗಳಿಗೆ ಗಂಡಾಂತರ ತರುವ ರೋಗಕ್ಕೆ ಅದು ದಾರಿಯಾದೀತು. ಒಸೆಲ್ಟಾಮಿವಿರ್ ಎಂಬ ಔಷಧವುಂಟು. ಲಕ್ಷಣಗಳು ತೋರಿದ ೪೮ ಗಂಟೆಗಳೊಳಗೆ ಆರಂಭಿಸಿದರೆ ಅದರ ಫಲ ಅಧಿಕ. ಯಾರಿಗೆ ಬೇಕೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಉಸಿರು ವೇಗವಾಗುವುದು, ಉಸಿರೆಳೆದಾಗ ಪಕ್ಕೆಗಳು ಒಳಸೇದುವುದು, ತುಟಿ ನೀಲಿಗಟ್ಟುವುದು, ಮಂಪರು, ನೀರನ್ನೂ ಒಲ್ಲದಿರುವುದು, ಇಳಿದ ಜ್ವರ ಕೆಮ್ಮಿನೊಡನೆ ಮತ್ತೆ ಏರುವುದು ಇವು ಅಪಾಯದ ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ವಿದ್ಯಾರ್ಥಿನಿಲಯದ ಮೇಲ್ವಿಚಾರಕರಿಗೂ ಅಡಿಗೆಯವರಿಗೂ ಈ ಸೂಚನೆಗಳು ಬಾಯಿಪಾಠವಾಗಿರುವುದು ಯುಕ್ತ; ತಾಯಿಯಿಂದ ದೂರವಿರುವ ಮಗುವಿನ ಉಸಿರನ್ನು ರಾತ್ರಿಯಲ್ಲಿ ಆಲಿಸುವವರು ಅವರೇ.

ಪೂರ್ಣ ಹಾಜರಿಯ ಬಹುಮಾನ

ಮೇಲೆ ಹೇಳಿದ ಉಪಾಯಗಳೆಲ್ಲಕ್ಕೂ ಮಿಗಿಲಾದ, ಕಾಸಿನ ಖರ್ಚೂ ಇಲ್ಲದ ಉಪಾಯವೊಂದಿದೆ. ಜ್ವರವಿರುವ ವಿದ್ಯಾರ್ಥಿ ಶಾಲೆಗೆ ಬರಬಾರದು. ಜ್ವರ ಇಳಿಸುವ ಮಾತ್ರೆಯ ಸಹಾಯವಿಲ್ಲದೆ ಪೂರ್ಣ ಒಂದು ದಿನ ಮೈ ತಣ್ಣಗಿದ್ದ ಮೇಲೆ ಬರಬೇಕು. ಅಧ್ಯಾಪಕರಿಗೂ ಇದೇ ನಿಯಮ. ಹೇಳಲು ಇದು ಸುಲಭ. ಆದರೆ ಶಾಲೆಗಳ ಒಂದು ಹಳೆಯ ಸಂಪ್ರದಾಯ ಇದಕ್ಕೆ ಅಡ್ಡ ನಿಂತಿದೆ. ವಾರ್ಷಿಕೋತ್ಸವದ ದಿನ ಅನೇಕ ಶಾಲೆಗಳಲ್ಲಿ, ವರ್ಷದಲ್ಲಿ ಒಂದು ದಿನವೂ ತಪ್ಪದೆ ಬಂದ ವಿದ್ಯಾರ್ಥಿಗೆ ವೇದಿಕೆಯ ಮೇಲೆ ಬಹುಮಾನ ಕೊಡುವ ವಾಡಿಕೆಯಿದೆ. ಅದರ ಉದ್ದೇಶ ಶ್ಲಾಘ್ಯವಾದುದು. ಮಗುವನ್ನು ದನ ಕಾಯಲು ಕಳಿಸದೆ, ಹೊಲದ ಕೆಲಸಕ್ಕೆ ನಿಲ್ಲಿಸದೆ ಶಾಲೆಗೆ ಕಳಿಸಲೆಂದು ಹಿರಿಯರು ಈ ಬಹುಮಾನವನ್ನು ಏರ್ಪಡಿಸಿದರು; ಅದರಿಂದ ಎಷ್ಟೋ ಬಡಮಕ್ಕಳಿಗೆ ವಿದ್ಯೆ ಒಲಿಯಿತು. ಆದರೆ ಅದೇ ಬಹುಮಾನದ ಆಸೆಯಿಂದ ಜ್ವರದ ಮಾತ್ರೆ ನುಂಗಿ, ಕಣ್ಣು ಕೆಂಪಾಗಿ, ಬೆಂಚಿನ ಮೂಲೆಯಲ್ಲಿ ಮುದುಡಿ ಕುಳಿತ ಬಾಲಕನು ತನಗೂ ಹಿತ ಮಾಡಿಕೊಳ್ಳಲಿಲ್ಲ, ಪಕ್ಕದವನಿಗೂ ಮಾಡಲಿಲ್ಲ. ಪಕ್ಕದವನ ಮನೆಯಲ್ಲಿ ಬಾಣಂತಿಯೊಬ್ಬಳು ಇರಬಹುದು. ಉಬ್ಬಸದ ಅಜ್ಜಿಯೊಬ್ಬಳು ಇರಬಹುದು. ಅವರ ಮುಖವನ್ನು ಆತ ಎಂದೂ ಕಂಡವನಲ್ಲ.

ಬಹುಮಾನವನ್ನು ನಿಲ್ಲಿಸಬೇಕಾದುದಿಲ್ಲ; ಅದರ ನಿಯಮವನ್ನು ತಿದ್ದಿದರೆ ಸಾಕು. ಪೋಷಕರ ಪತ್ರವುಳ್ಳ ಜ್ವರದ ದಿನಗಳನ್ನು ಗೈರುಹಾಜರಿಯೆಂದು ಎಣಿಸದೆ, ಆ ದಿನಗಳ ಪಾಠವನ್ನು ಸಹಪಾಠಿಗಳ ಟಿಪ್ಪಣಿಗಳಿಂದ ತುಂಬಿಕೊಡುವ ಏರ್ಪಾಡು ಮಾಡಿದರೆ, ಮನೆಯಲ್ಲಿ ಉಳಿದ ಮಗುವಿಗೆ ತಾನು ಅಪರಾಧ ಮಾಡಿದೆನೆಂಬ ಅಳುಕು ಇರುವುದಿಲ್ಲ. ಗೈರುಹಾಜರಿಗೆ ಗದರಿಸುವ ಅಧ್ಯಾಪಕನೇ ಮಳೆಗಾಲದ ಮೊದಲ ವಾರ ತರಗತಿಯಲ್ಲಿ ನಿಂತು, ಜ್ವರ ಬಂದರೆ ಮನೆಯಲ್ಲಿರು ಎಂದು ಬಾಯಿಬಿಟ್ಟು ಹೇಳಬೇಕು. ದೂರದ ಊರುಗಳ ಮಕ್ಕಳು ತಂಗುವ ವಿದ್ಯಾರ್ಥಿನಿಲಯದಲ್ಲಿ ಮನೆಗೆ ಕಳುಹಿಸುವುದು ಸಾಧ್ಯವಿಲ್ಲ. ಕಳುಹಿಸಿದರೆ ಬಸ್ಸಿನಲ್ಲಿಯೂ ಊರಿನಲ್ಲಿಯೂ ರೋಗ ಹರಡೀತು. ಅಲ್ಲಿ ಗಾಳಿ ಬೆಳಕುಳ್ಳ ಪ್ರತ್ಯೇಕ ಕೊಠಡಿಯೊಂದು, ನಾಲ್ಕು ಹಾಸಿಗೆಗಳು, ಒಂದು ಜ್ವರಮಾಪಕ, ನೋಡಿಕೊಳ್ಳಲು ಒಬ್ಬ ನಂಬಿಕಸ್ತ ಇಷ್ಟು ಅವಶ್ಯ.

ದಾನಿಗಳು ಶಾಲೆಗೆ ಕಟ್ಟಡಗಳನ್ನೂ ಗ್ರಂಥಭಂಡಾರಗಳನ್ನೂ ದತ್ತಿಪದಕಗಳನ್ನೂ ಕೊಡುತ್ತ ಬಂದಿದ್ದಾರೆ. ಊಟದ ಮನೆಯ ಮುಂದೆ ಹತ್ತು ನಲ್ಲಿಗಳು, ತರಗತಿಗೆ ಎದುರುಬದುರು ಕಿಟಕಿಗಳು, ಒಂದು ಶುಶ್ರೂಷಾ ಕೊಠಡಿ, ಬಡಮಕ್ಕಳ ಮನೆಯ ವೃದ್ಧರಿಗೂ ಶಾಲೆಯ ಸಿಬ್ಬಂದಿಗೂ ಲಸಿಕೆಯ ವೆಚ್ಚ ಇವೂ ದಾನಕ್ಕೆ ಯೋಗ್ಯವಾದ ವಿಷಯಗಳೇ. ಇವುಗಳ ಮೇಲೆ ದಾತೃವಿನ ಹೆಸರು ಕೆತ್ತುವ ಕಲ್ಲು ಚಿಕ್ಕದಾದೀತು. ಹಳೆಯ ವಿದ್ಯಾರ್ಥಿಗಳಲ್ಲಿ ವೈದ್ಯರಾದವರು ಮಳೆಗಾಲಕ್ಕೆ ಮೊದಲು ಒಂದು ದಿನ ಬಂದು ಅಧ್ಯಾಪಕರೊಡನೆ ಕುಳಿತರೆ ಗುರುಋಣದ ಒಂದು ಕಂತು ತೀರಿದಂತಾಗುತ್ತದೆ.

ಮಗು ಸೀನಿದರೆ ‘ನೂರು ವರ್ಷ’ ಎಂದು ಹರಸುವುದು ಈ ನಾಡಿನ ಮನೆಗಳ ವಾಡಿಕೆ. ಹರಕೆ ಒಳ್ಳೆಯದೇ. ಹರಸಿದ ಬಳಿಕ ಕಿಟಕಿಯನ್ನು ತೆರೆದು, ಮಗುವಿನ ಕೈಗೆ ಕರವಸ್ತ್ರ ಕೊಟ್ಟು, ಮೈ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಅಂದು ಶಾಲೆಗೆ ಕ್ಷಮೆ ಕೋರಿ ಪತ್ರ ಬರೆಯುವುದು ಆ ಹರಕೆಯನ್ನು ನಿಜಗೊಳಿಸುವ ದಾರಿ. ಅಂಥ ಪತ್ರವನ್ನು ಪ್ರಸನ್ನಮುಖದಿಂದ ಸ್ವೀಕರಿಸುವುದು ಶಾಲೆಯ ಧರ್ಮ.